ಮರಿ ಹಾವಿಗೆ ಫ್ರೋಜನ್ ಇಲಿ: ಪಿಂಕಿ, ಫಜಿ, ಹಾಪರ್ ಪ್ಯಾಕೆಟ್‌ಗಳ ವಿಮರ್ಶೆ

ಅಮೆರಿಕ, ಬ್ರಿಟನ್‌ಗಳ ಸಾಕುಪ್ರಾಣಿ ಅಂಗಡಿಗಳ ಫ್ರೀಜರ್‌ನಲ್ಲಿ ಹಾವಿನ ಆಹಾರವಾದ ಇಲಿ ಅದರ ಬೆಳವಣಿಗೆಯ ಹಂತದ ಹೆಸರಿನಲ್ಲಿ ಮಾರಾಟವಾಗುತ್ತದೆ. ಕೂದಲು ಮೂಡದ ಎಳೆ ಇಲಿಮರಿ ಪಿಂಕಿ, ನವಿರಾಗಿ ಕೂದಲು ಬಂದದ್ದು ಫಜಿ, ಕಣ್ಣು ಬಿಟ್ಟು ಕುಪ್ಪಳಿಸುವ ಹಂತದ್ದು ಹಾಪರ್. ತೊಂದರೆ ಇಲ್ಲೇ ಶುರು. ಹೆಸರು ಇಲಿಯ ವಯಸ್ಸನ್ನು ಹೇಳುತ್ತದೆ, ತೂಕ ಹೇಳುವುದಿಲ್ಲ. ಒಂದು ಬ್ರ್ಯಾಂಡಿನ ದೊಡ್ಡ ಪಿಂಕಿಯೂ ಇನ್ನೊಂದರ ಸಣ್ಣ ಫಜಿಯೂ ಒಂದೇ ತೂಕ ಬರುವುದುಂಟು. ಆದ್ದರಿಂದ ಪ್ಯಾಕೆಟ್ ಮೇಲೆ ಗ್ರಾಂ ಲೆಕ್ಕ ಅಚ್ಚಾಗಿರುವ ಸರಕನ್ನೇ ಕೊಳ್ಳಿ. ಜೊತೆಗೆ 0.1 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿಯೊಂದು ಬೇಕೇ ಬೇಕು. ಹಾವನ್ನೂ ಅದರಲ್ಲೇ ತೂಗಬೇಕು. ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ತೂಗಿ, ಡಬ್ಬಿಯ ತೂಕ ಕಳೆದರೆ ಆಯಿತು.

ಕರ್ನಾಟಕದ ಓದುಗರಿಗೆ ಒಂದು ಮಾತು. ನಮ್ಮ ಕೇರೆ, ನಾಗರ, ಹೆಬ್ಬಾವುಗಳನ್ನು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನಿಷೇಧಿಸುತ್ತದೆ. ಇಲ್ಲಿ ಹೇಳುತ್ತಿರುವುದು ಅನುಮತಿಯಿರುವ ದೇಶಗಳಲ್ಲಿ, ಸಾಕಣೆಯಲ್ಲೇ ಹುಟ್ಟಿದ ಹಾವುಗಳ ಬಗ್ಗೆ. ಮುಖ್ಯವಾಗಿ ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್ ಬಗ್ಗೆ.

ಮೊದಲು ಪಿಂಕಿ ಪ್ಯಾಕೆಟ್. ಮೊಟ್ಟೆಯಿಂದ ಹೊರಬಂದ ಕಾರ್ನ್ ಸ್ನೇಕ್ ಮರಿ ಸಾಮಾನ್ಯವಾಗಿ 5ರಿಂದ 8 ಗ್ರಾಂ ಇರುತ್ತದೆ, ಪಿಂಕಿ ಒಂದೂವರೆಯಿಂದ 3 ಗ್ರಾಂ. ಆಹಾರ ಹಾವಿನ ತೂಕದ ಶೇ. 10ರಿಂದ 15ರಷ್ಟಿರಲಿ ಎಂಬ ಪ್ರಸಿದ್ಧ ಸೂತ್ರ ಇಲ್ಲಿ ಕೈಕೊಡುತ್ತದೆ. 6 ಗ್ರಾಂ ಮರಿಗೆ ಆ ಲೆಕ್ಕದಲ್ಲಿ ಒಂದು ಗ್ರಾಂ ಕೂಡ ಸಿಗುವುದಿಲ್ಲ, ಅಷ್ಟು ಚಿಕ್ಕ ಪಿಂಕಿ ಮಾರುಕಟ್ಟೆಯಲ್ಲೂ ಇರುವುದಿಲ್ಲ. ಪಿಂಕಿಯ ಮೈಯಲ್ಲಿ ನೀರಿನಂಶ ಹೆಚ್ಚು, ಮೂಳೆ ಮೆದು, ಕೂದಲಿಲ್ಲ. ಹಾಗಾಗಿ ಮರಿ ತನ್ನ ತೂಕದ ಕಾಲುಭಾಗವನ್ನೇ ನುಂಗಿದರೂ ಅರಗಿಸಿಕೊಳ್ಳುತ್ತದೆ. ಈ ಹಂತದಲ್ಲಿ ನಂಬಬೇಕಾದದ್ದು ಸುತ್ತಳತೆಯನ್ನು. ಹಾವಿನ ನಡುಮೈಯ ಅತಿ ದಪ್ಪ ಭಾಗಕ್ಕೆ ಇಲಿಯ ಅತಿ ದಪ್ಪ ಭಾಗ ಸಮವಾಗಿರಲಿ, ಹೆಚ್ಚೆಂದರೆ ಒಂದೂಕಾಲು ಪಟ್ಟು. ಪ್ಯಾಕೆಟ್ಟಿನಲ್ಲಿ ಅತಿ ಚಿಕ್ಕದನ್ನು ಆರಿಸಿ, ಐದರಿಂದ ಏಳು ದಿನಕ್ಕೆ ಒಂದು ಕೊಡಿ. ಹೊಸ ಮರಿಗೆ ಇದಕ್ಕಿಂತ ಒಳ್ಳೆಯ ಸರಕಿಲ್ಲ.

ತಲೆಯ ಅಗಲ ನೋಡಿ ಗಾತ್ರ ನಿರ್ಧರಿಸುವವರು ಬಹಳ ಮಂದಿ. ಅದು ಸರಿಯಲ್ಲ. ಕೆಳದವಡೆಯ ಎರಡು ಭಾಗಗಳು ಮುಂದೆ ಹಿಗ್ಗುವ ಅಸ್ಥಿರಜ್ಜುವಿನಿಂದ ಕೂಡಿರುವುದರಿಂದ ಹಾವು ತಲೆಗಿಂತ ದಪ್ಪದ್ದನ್ನು ಸಲೀಸಾಗಿ ನುಂಗುತ್ತದೆ. ನುಂಗಿದ ಮಾತ್ರಕ್ಕೆ ಅರಗಿತು ಎಂದಲ್ಲ.

ಫಜಿ ಪ್ಯಾಕೆಟ್ ಬಗ್ಗೆ ನಮಗೆ ತಕರಾರಿದೆ. 3 ಗ್ರಾಂ ಇಲಿಯೂ 6 ಗ್ರಾಂ ಇಲಿಯೂ ಒಂದೇ ಚೀಲದಲ್ಲಿ ಬರುತ್ತವೆ, ಅಂದರೆ ಒಂದು ವಾರದ ಊಟ ಇನ್ನೊಂದು ವಾರದ್ದಕ್ಕಿಂತ ಇಮ್ಮಡಿ. ತಂದ ದಿನವೇ, ಕರಗುವ ಮೊದಲು, ಒಂದೊಂದನ್ನೂ ತೂಗಿ ಎರಡು ಚೀಲಗಳಿಗೆ ಬೇರ್ಪಡಿಸಿ, ಗ್ರಾಂ ಬರೆದು ಫ್ರೀಜರ್‌ಗೆ ಹಿಂತಿರುಗಿಸಿ. ಹಾವು 15 ಗ್ರಾಂ ದಾಟಿದ ಮೇಲೆ ದೊಡ್ಡ ಪಿಂಕಿ ಅಥವಾ ಎರಡು ಚಿಕ್ಕವು, 25ರ ಹೊತ್ತಿಗೆ ಸಣ್ಣ ಫಜಿ, 40ರ ಆಸುಪಾಸಿನಲ್ಲಿ ದೊಡ್ಡ ಫಜಿ. ಶೇಕಡಾವಾರು ಸೂತ್ರ ಇಲ್ಲಿಂದ ಮುಂದೆ ಚೆನ್ನಾಗಿ ಕೆಲಸ ಮಾಡುತ್ತದೆ.

ಹಾಪರ್ 7ರಿಂದ 12 ಗ್ರಾಂ, 60 ಗ್ರಾಂ ದಾಟಿದ ಹಾವಿಗೆ. ಕೂದಲು ದಟ್ಟ, ಮೂಳೆ ಬಲಿತಿರುತ್ತದೆ. ಮೊದಲ ಬಾರಿಗೆ ಚೀಲದಲ್ಲಿನ ಚಿಕ್ಕದನ್ನೇ ಕೊಡಿ. ಆಫ್ರಿಕಾದ ಸಣ್ಣ ಹೆಬ್ಬಾವಾದ ಬಾಲ್ ಪೈಥಾನ್‌ನ ಮರಿ ಹುಟ್ಟುವಾಗಲೇ 50 ಗ್ರಾಂ ಮೇಲಿರುವುದು ಸಾಮಾನ್ಯ, ಹಾಗಾಗಿ ಅದು ನೇರ ಹಾಪರ್‌ನಿಂದ ಶುರುಮಾಡುತ್ತದೆ.

ಗಾತ್ರ ಸರಿಯಾಯಿತೇ ಎಂದು ಹಾವಿನ ಮೈಯೇ ಹೇಳುತ್ತದೆ. ನುಂಗಿದ ಮೇಲೆ ಸಣ್ಣ ಉಬ್ಬು ಕಾಣಬೇಕು. ಏನೂ ಕಾಣದಿದ್ದರೆ ಒಂದು ಹಂತ ಮೇಲೇರಿ. ಹುರುಪೆಗಳು ದೂರ ಸರಿದು ನಡುವಿನ ಚರ್ಮ ಎದ್ದು ಕಂಡರೆ, ಮೂರು ದಿನವಾದರೂ ಉಬ್ಬು ಇಳಿಯದಿದ್ದರೆ ಇಲಿ ದೊಡ್ಡದಾಯಿತು.

ದೊಡ್ಡದಾದರೆ ಹಾವು ಕಕ್ಕುತ್ತದೆ. ಜಠರರಸ ಹೊರಗಿನಿಂದ ಒಳಕ್ಕೆ ಕೆಲಸ ಮಾಡುವುದರಿಂದ ದಪ್ಪ ಇಲಿಯ ಒಳಭಾಗ ಕರಗುವ ಮೊದಲೇ ಕೊಳೆಯತೊಡಗುತ್ತದೆ. ಗೂಡಿನ ಬೆಚ್ಚಗಿನ ತುದಿ 29ರಿಂದ 31 ಡಿಗ್ರಿ ಸೆಲ್ಸಿಯಸ್ ಇಲ್ಲದಿದ್ದರೆ ಸರಿಯಾದ ಗಾತ್ರದ ಇಲಿಯೂ ಹೀಗೇ ಹೊರಬರಬಹುದು. ಉಂಡ 48 ಗಂಟೆಯೊಳಗೆ ಹಾವನ್ನು ಎತ್ತಿ ಆಡಿಸುವುದು ಮೂರನೆಯ ಕಾರಣ. ಕಕ್ಕಿದಾಗ ಆಮ್ಲದಿಂದ ಅನ್ನನಾಳ ಸುಡುತ್ತದೆ, ಜೀರ್ಣರಸವೂ ನಷ್ಟವಾಗುತ್ತದೆ. ಪಾಪ ಹಸಿದಿದೆ ಎಂದು ಮರುದಿನವೇ ಉಣಿಸಿದರೆ ಮತ್ತೆ ಕಕ್ಕುತ್ತದೆ; ಎಳೆಮರಿಗಳು ಸಾಯುವುದು ಈ ಸರಣಿಯಲ್ಲಿ. ನೀರು ಮಾತ್ರ ಇಟ್ಟು 10ರಿಂದ 14 ದಿನ ಬಿಡಿ, ಆಮೇಲೆ ಅರ್ಧ ಗಾತ್ರದ್ದು ಕೊಡಿ. ಎರಡನೇ ಬಾರಿ ಕಕ್ಕಿದರೆ ಸರೀಸೃಪ ಬಲ್ಲ ಪಶುವೈದ್ಯರ ಬಳಿ ಹೋಗಿ.

ಕರಗಿಸುವುದನ್ನು ಫ್ರಿಜ್‌ನಲ್ಲಿ ರಾತ್ರಿಯಿಡೀ ಮಾಡಿ. ಬೆಳಗ್ಗೆ ಜಿಪ್ ಚೀಲದಲ್ಲಿಟ್ಟು 40 ಡಿಗ್ರಿ ಆಸುಪಾಸಿನ ನೀರಿನಲ್ಲಿ ಬೆಚ್ಚಗಾಗಿಸಿ, ಹೊಟ್ಟೆ ಒತ್ತಿ ನೋಡಿ. ನಡುವೆ ಗಟ್ಟಿಯಿದ್ದರೆ ಇನ್ನೂ ಮಂಜುಗಡ್ಡೆಯಿದೆ. ಮೈಕ್ರೋವೇವ್ ಬೇಡವೇ ಬೇಡ, ಒಂದು ಕಡೆ ಬೆಂದು ಹೊಟ್ಟೆ ಒಡೆಯುತ್ತದೆ. ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ. ಘನೀಕರಣದಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಯುವುದಿಲ್ಲ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಎಚ್ಚರಿಸಿದೆ. ಅಡುಗೆಮನೆಯ ಪಾತ್ರೆ ಬಳಸದೆ ಬೇರೆಯೇ ಬಟ್ಟಲು, ಇಕ್ಕಳ ಇಟ್ಟುಕೊಳ್ಳಿ, ಸೋಪಿನಿಂದ ಕೈ ತೊಳೆಯಿರಿ.

ಕೊಳ್ಳುವಾಗ ಇಲಿಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ, ಒಳಗೆ ಹರಳುಮಂಜು ತುಂಬಿದ್ದರೆ ಆ ಚೀಲ ಬಿಡಿ. ನಡುವೆ ಕರಗಿ ಮತ್ತೆ ಗಟ್ಟಿಯಾಗಿರುವ ಸಂಭವ ಹೆಚ್ಚು. ನೂರರ ಪ್ಯಾಕೆಟ್ ಅಗ್ಗವೆನಿಸಿದರೂ ಒಂದೇ ಹಾವಿದ್ದವರಿಗೆ ಪಿಂಕಿ 25 ಸಾಕು. ವಾರಕ್ಕೊಂದು ತಿನ್ನುವ ಮರಿ ನೂರು ಮುಗಿಸುವುದರೊಳಗೆ ಹಾಪರ್‌ಗೆ ಬೆಳೆದಿರುತ್ತದೆ.