ಡಿಪಿಎಫ್ ದೀಪ ಹತ್ತಿದರೆ ಯಾವ ಕಡೆ ಹೋಗೋದು: ತೀರ್ಥಹಳ್ಳಿಯೋ, ತರೀಕೆರೆಯೋ?

ನನ್ನದು ಬಿಎಸ್6 ಡೀಸೆಲ್ ಕಾರು. ವಾರವೆಲ್ಲ ಓಡಾಟ ಶಿವಮೊಗ್ಗ ಊರೊಳಗೇ, ಒಂದು ಸಲಕ್ಕೆ ನಾಲ್ಕು ಕಿಲೋಮೀಟರ್ ದಾಟಲ್ಲ. ಇಂಜಿನ್ ಬಿಸಿಯಾಗುವ ಹೊತ್ತಿಗೆ ಮನೆ ಬಂದಿರುತ್ತದೆ. ಡಿಪಿಎಫ್ ಅಂದರೆ ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಡುವ ಫಿಲ್ಟರ್, ಆ ಮಸಿ ಸುಟ್ಟುಹೋಗಲು ಒಳಗೆ 600 ಡಿಗ್ರಿ ಆಸುಪಾಸು ಬಿಸಿ ಬೇಕು, ಗಾಂಧಿಬಜಾರ್ ಟ್ರಾಫಿಕ್ಕಲ್ಲಿ ಅಷ್ಟು ಬಿಸಿ ಎಲ್ಲಿಂದ ಬರಬೇಕು?

ಮೊದಲ ಸಲ ಮಸಿ ತುಂಬಿ ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ದೀಪ ಹತ್ತಿದಾಗ ತೀರ್ಥಹಳ್ಳಿ ಕಡೆ ಹೊರಟೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ಚೆಂದದ ದಾರಿ, ಆದರೆ ಈ ಕೆಲಸಕ್ಕಲ್ಲ. ತಿರುವು, ಬ್ರೇಕ್, ಮುಂದೆ ಲಾರಿ. ಮಂಡಗದ್ದೆ ದಾಟಿದರೂ ದೀಪ ಆರಲಿಲ್ಲ. ಘಾಟಿಯಲ್ಲಿ ಬಿಸಿಯಾಗುತ್ತೆ ಅಂತ ಆಗುಂಬೆಗೆ ಹೋಗುವುದೂ ಸರಿಯಲ್ಲ. ನಮ್ಮ ಕಡೆಯಿಂದ ಮೊದಲು ಸಿಗುವುದೇ ಇಳಿಜಾರು, ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಉರಿಯಲ್ಲ, ಬಿಸಿಯೂ ಇಳಿಯುತ್ತದೆ.

ಮುಂದಿನ ಸಲ ಭದ್ರಾವತಿ ದಾಟಿ ತರೀಕೆರೆ ರಸ್ತೆ ಹಿಡಿದೆ. ನಾಲ್ಕನೇ ಗೇರ್, 60ರಿಂದ 70 ವೇಗ, ಆರ್‌ಪಿಎಂ 2000ದ ಮೇಲೆ, ಇಪ್ಪತ್ತು ನಿಮಿಷ ಒಂದೇ ಸಮ. ತರೀಕೆರೆ ಬರುವ ಮೊದಲೇ ದೀಪ ಆರಿತು! ಏರು ಮುಖ್ಯ ಅಲ್ಲ, ಒಂದೇ ಸಮನಾದ ಓಟ ಮುಖ್ಯ.

ಮಸಿ ಸುಡುತ್ತಿದೆ ಅಂತ ಗೊತ್ತಾಗುವುದು ಹೇಗೆ ಅಂದರೆ, ನಿಂತಾಗ ಆರ್‌ಪಿಎಂ 800 ಬದಲು 1000 ತೋರಿಸುತ್ತದೆ, ಮೈಲೇಜ್ ಅಂಕಿ ದಿಢೀರ್ ಇಳಿಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಫ್ ಮಾಡಿದರೂ ಫ್ಯಾನ್ ಜೋರಾಗಿ ತಿರುಗುತ್ತಲೇ ಇರುತ್ತದೆ. ಇವು ಕಂಡರೆ ದಯವಿಟ್ಟು ಅರ್ಧಕ್ಕೇ ಇಂಜಿನ್ ಆಫ್ ಮಾಡಬೇಡಿ. ಇನ್ನೊಂದೈದು ಕಿಲೋಮೀಟರ್ ಸುತ್ತಿ ಬನ್ನಿ. ನಾನು ಪದೇ ಪದೇ ಅರ್ಧಕ್ಕೆ ನಿಲ್ಲಿಸಿದ್ದೆ, ಮಸಿ ಸುಡಲು ಬಿಟ್ಟ ಹೆಚ್ಚಿನ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿದಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿದೆ, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ.

ಮೂರನೆಯದು ಸರ್ವಿಸ್ ಸೆಂಟರ್. ಒಂದು ಕಡೆ ನೋಡದೇ ‘ಫಿಲ್ಟರ್ ಬದಲಿಸಿ’ ಅಂದರು, ಬೇಜಾರಾಯಿತು. ಇನ್ನೊಂದು ಕಡೆ ಸ್ಕ್ಯಾನರ್ ಹಾಕಿ ಕಾರು ನಿಂತಲ್ಲೇ ಮಸಿ ಸುಡಿಸಿದರು, ಆಯಿಲೂ ಬದಲಿಸಿದರು, ಸರಿಹೋಯಿತು. ಇಂಜಿನ್ ಎಳೆಯುವುದೇ ಕಡಿಮೆಯಾದರೆ ಇದೇ ದಾರಿ, ತರೀಕೆರೆ ಓಟ ಬೇಡ. ಆಯಿಲ್ ಮಾತ್ರ ಡಿಪಿಎಫ್‌ಗೆ ಅಂತಲೇ ಇರುವ ಕಡಿಮೆ ಬೂದಿಯದೇ ಆಗಬೇಕು, ಆಯಿಲ್ ಉರಿದು ಬರುವ ಬೂದಿ ಮಸಿಯ ಹಾಗೆ ಸುಡಲ್ಲ, ಫಿಲ್ಟರ್ ಒಳಗೇ ಉಳಿಯುತ್ತದೆ.

ಈಗ ದೀಪಕ್ಕೆ ಕಾಯುವುದಿಲ್ಲ, ಭಾನುವಾರ ಬೆಳಿಗ್ಗೆ ಆರಕ್ಕೇ ತರೀಕೆರೆಗೆ ಹೋಗಿ ಬರುತ್ತೇನೆ. ಇನ್ನೊಂದು ಮಾತು, ಓಟ ಮುಗಿಸಿ ತೋಟಕ್ಕೆ ಹೋದರೆ ಒಣ ದರಗಿನ ಮೇಲೆ ಕಾರು ನಿಲ್ಲಿಸಬೇಡಿ. ಕೆಳಗಿನ ಪೈಪು ಆಗ ಬೆಂಕಿಯಷ್ಟೇ ಬಿಸಿ ಇರುತ್ತದೆ.