ನವನಗರದ ಡಿಎಸ್‌ಸಿ ಸೆಂಟರ್: ಕೆಲಸ ಚುರುಕು, ಪಿನ್ ಮಾತ್ರ ಅವರ ಕೈಲಿ

ಬಾಗಲಕೋಟೆ ನವನಗರದಲ್ಲಿ ಟೆಂಡರ್ ಹಾಕುವ ಗುತ್ತಿಗೆದಾರರು ಡಿಎಸ್‌ಸಿ (ಆನ್‌ಲೈನ್ ಸಹಿಗೆ ಬೇಕಾದ ಡಿಜಿಟಲ್ ಸಿಗ್ನೇಚರ್ ಸರ್ಟಿಫಿಕೇಟ್) ಮಾಡಿಸುವ ಆನ್‌ಲೈನ್ ಸೆಂಟರ್ ಇದು. ಪ್ಯಾನ್, ಆಧಾರ್, ಒಟಿಪಿ, ಒಂದು ಚಿಕ್ಕ ವಿಡಿಯೊ ಆದರೆ ಅರ್ಜಿ ಮುಗಿಯಿತು. ಚುರುಕುತನಕ್ಕೆ ಪೂರ್ತಿ ಅಂಕ.

ಆದರೆ ರೇಟ್ ಬೋರ್ಡಿನಲ್ಲಿ ಇನ್ನೂ ‘ಕ್ಲಾಸ್ 2’ ಇದೆ. ಅದು 2021ರ ಜನವರಿ 1ಕ್ಕೇ ನಿಂತಿದೆ. ಈಗ ಕೊಡುವುದು ಕ್ಲಾಸ್ 3. ಬಿಲ್ಲಿನಲ್ಲೂ ‘ಡಿಎಸ್‌ಸಿ 2 ವರ್ಷ’ ಅಂತಷ್ಟೇ ಬರೆಯುತ್ತಾರೆ, ಸಿಎ ಯಾರೆಂದು ಬರೆಯುವುದಿಲ್ಲ. ನಮ್ಮ ಕಡೆ ಸಿಎ ಅಂದರೆ ಆಡಿಟರ್ರೇ. ಇಲ್ಲಿ ಸಿಎ ಎಂದರೆ ಸರ್ಟಿಫೈಯಿಂಗ್ ಅಥಾರಿಟಿ: ಇ-ಮುದ್ರಾ, ಕ್ಯಾಪ್ರಿಕಾರ್ನ್‌ನಂಥ ಕಂಪನಿಗಳು. ಅವರಿಗೆ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರದ ಸಿಸಿಎ, ಅಂದರೆ ಸರ್ಟಿಫೈಯಿಂಗ್ ಅಥಾರಿಟಿಗಳ ಕಂಟ್ರೋಲರ್. ಅಂಗಡಿಯವರು ಬರೀ ಅರ್ಜಿ ತುಂಬುವವರು.

ಹಾಗಾಗಿ ದುಡ್ಡು ಕೊಡುವ ಮೊದಲು ಅವರ ಕಂಪ್ಯೂಟರಿನಲ್ಲೇ ನೋಡಿಬಿಡಿ. ಟೋಕನ್ (ಡಿಎಸ್‌ಸಿ ಇರುವ ಯುಎಸ್‌ಬಿ ಕಡ್ಡಿ) ಚುಚ್ಚಿ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಸರ್ಟ್‌ಎಂಜಿಆರ್ ಡಾಟ್ ಎಂಎಸ್‌ಸಿ (certmgr.msc) ಟೈಪ್ ಮಾಡಿ. ಪರ್ಸನಲ್, ಅದರೊಳಗೆ ಸರ್ಟಿಫಿಕೇಟ್ಸ್. ನಿಮ್ಮ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ‘ಇಶ್ಯೂಡ್ ಬೈ’ ಎದುರು ಸಿಎ ಹೆಸರು ಬರುತ್ತದೆ. ಅಲ್ಲಿಗೇ ನಿಲ್ಲಬೇಡಿ; ‘ಸರ್ಟಿಫಿಕೇಶನ್ ಪಾತ್’ ತೆರೆಯಿರಿ. ತುದಿಯಲ್ಲಿ ‘ಸಿಸಿಎ ಇಂಡಿಯಾ’, ಕೆಳಗೆ ಸಿಎ, ಬುಡದಲ್ಲಿ ನೀವು. ಮೇಲಿನ ಕೊಂಡಿ ಕಾಣದಿದ್ದರೆ ಸರ್ಟಿಫಿಕೇಟ್ ನಕಲಿ ಅಂತ ಗಾಬರಿಯಾಗಬೇಡಿ, ಹೆಚ್ಚಾಗಿ ಆ ಕಂಪ್ಯೂಟರಿಗೆ ಸಿಸಿಎ ರೂಟ್ (ಸಿಸಿಎಯ ಮೂಲ ಸರ್ಟಿಫಿಕೇಟ್) ಹಾಕಿರುವುದಿಲ್ಲ. ಪಿಡಿಎಫ್ ಸಹಿಯ ಮೇಲೆ ಹಳದಿ ಪ್ರಶ್ನೆ ಚಿಹ್ನೆ ಬರುವುದೂ ಬಹಳ ಸಲ ಇದಕ್ಕೇ. ಕಾಂಬೊ (ಸಹಿಗೊಂದು, ಎನ್‌ಕ್ರಿಪ್ಶನ್‌ಗೊಂದು ಸರ್ಟಿಫಿಕೇಟ್) ತಗೊಂಡಿದ್ದರೆ ನಿಮ್ಮ ಹೆಸರಿನಲ್ಲಿ ಎರಡು ಇರಬೇಕು: ಒಂದರ ಕೀ ಯೂಸೇಜ್ ‘ಡಿಜಿಟಲ್ ಸಿಗ್ನೇಚರ್’, ಇನ್ನೊಂದರದ್ದು ‘ಕೀ ಎನ್‌ಸೈಫರ್‌ಮೆಂಟ್’.

ಅಂಕ ಕಳೆಯುವುದು ಪಿನ್ ವಿಷಯದಲ್ಲಿ. ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿ ಟೋಕನ್ನಿನ ಪಿನ್ ಅವರೇ ಇಡುತ್ತಾರೆ, ಅರ್ಜಿಯಲ್ಲಿ ಇಮೇಲೂ ಅವರದ್ದೇ. ‘ಟೋಕನ್ ಇಲ್ಲೇ ಇರಲಿ ಸಾಹೇಬ್ರ, ಟೆಂಡರ್ ಬಂದಾಗ ನಾವೇ ಹಾಕ್ತೀವ್ರಿ’ ಎಂಬ ಉಪಚಾರ ಬೇರೆ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಕೀ (ಸಹಿ ಹಾಕುವ, ಟೋಕನ್ನಿನೊಳಗಿನ ಗುಟ್ಟಿನ ಕೀಲಿ) ಕಾಯುವ ಹೊಣೆ ನಿಮ್ಮದು, ಅವರದ್ದಲ್ಲ. ಪಿನ್ ಅಲ್ಲೇ ಬದಲಿಸಿ, ಇಮೇಲ್ ನಿಮ್ಮದೇ ಕೊಡಿ. ಪಿನ್ ಲಾಕ್ ಆದರೆ ‘ಫಾರ್ಮ್ಯಾಟ್ ಮಾಡಿಕೊಡ್ತೀವಿ’ ಅಂದಾರು, ಒಪ್ಪಬೇಡಿ: ಒಳಗಿನ ಕೀ ಅಳಿದುಹೋಗಿ ಹೊಸ ಸರ್ಟಿಫಿಕೇಟಿಗೆ ಮತ್ತೆ ದುಡ್ಡು ಕಟ್ಟಬೇಕಾಗುತ್ತದೆ.

ಐದಕ್ಕೆ ಮೂರು.