ಗಾರ್ಡ್ ಡಬ್ಬಿಯಲ್ಲಿ ಎರಡು ರಾತ್ರಿ: ಸ್ಟ್ರಾಸ್‌ಬರ್ಗ್‌ನ ರೆಡ್ ಕ್ಯಾಬೂಸ್ ಮೋಟೆಲ್

ಕಳೆದ ಜೂನ್‌ನಲ್ಲಿ ಎರಡು ರಾತ್ರಿ ನಾನು ಗೂಡ್ಸ್ ಗಾಡಿಯ ಗಾರ್ಡ್ ಡಬ್ಬಿಯೊಳಗೆ ಮಲಗಿದೆ. ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗ್ ಹತ್ತಿರ, ಪ್ಯಾರಡೈಸ್ ಲೇನ್ ಎಂಬ ರಸ್ತೆಯಲ್ಲಿ ರೆಡ್ ಕ್ಯಾಬೂಸ್ ಮೋಟೆಲ್ ಇದೆ. ನ್ಯೂಜೆರ್ಸಿಯ ಎಡಿಸನ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಎರಡೂವರೆ ಗಂಟೆ ಹಿಡಿಯಿತು. ಮಕ್ಕಳನ್ನು ಕರೆದುಕೊಂಡು ಹೋದವರು ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಾನು ಹೋಗಿದ್ದು ಬೇರೆ ಕೆಲಸಕ್ಕೆ. ನಮ್ಮ ಬೇಸ್‌ಮೆಂಟ್‌ನಲ್ಲಿ 1956ರ ಪೆನ್ಸಿಲ್ವೇನಿಯಾ ರೈಲ್‌ರೋಡಿನ ಪುಟ್ಟ ಮಾದರಿ ಓಡುತ್ತದೆ. ಆ ರೈಲ್ವೆ ಕಂಪನಿಗೆ ಪ್ರೀತಿಯ ಹೆಸರು ಪೆನ್ಸಿ. ಎಚ್‌ಒ ಸ್ಕೇಲ್, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಆ ಗೂಡ್ಸ್ ಗಾಡಿಯ ಕೊನೆಗೆ ಸರಿಯಾದ ಬಣ್ಣದ ಕ್ಯಾಬೂಸ್ ಬೇಕಿತ್ತು.

ಕ್ಯಾಬೂಸ್ ಅಂದರೆ ನಮ್ಮ ಗೂಡ್ಸ್ ಗಾಡಿಯ ಬ್ರೇಕ್ ವ್ಯಾನ್ ಇದ್ದ ಹಾಗೆ. ಕಂಡಕ್ಟರ್ ಮತ್ತು ಬ್ರೇಕ್‌ಮನ್ ಅದರಲ್ಲೇ ಕೂರುತ್ತಿದ್ದರು, ಅಡುಗೆ ಮಾಡಿಕೊಳ್ಳುತ್ತಿದ್ದರು, ದೂರದ ಊರಿನಲ್ಲಿ ರಾತ್ರಿ ಅಲ್ಲೇ ಮಲಗುತ್ತಿದ್ದರು. ಛಾವಣಿಯ ಮೇಲೊಂದು ಪುಟ್ಟ ಗೂಡು ಇರುತ್ತದೆ. ಅದಕ್ಕೆ ಕ್ಯುಪೊಲಾ ಅಂತಾರೆ. ಅಲ್ಲಿ ಕೂತು ಮುಂದಿನ ಡಬ್ಬಿಗಳ ಗಾಲಿಯ ಹತ್ತಿರ ಹೊಗೆ ಬರುತ್ತಿದೆಯಾ ಎಂದು ನೋಡುತ್ತಿದ್ದರು. 1980ರ ದಶಕದಲ್ಲಿ ಕೊನೆಯ ಡಬ್ಬಿಗೆ ಸಿಕ್ಕಿಸಿದರೆ ಬ್ರೇಕಿನ ಸುದ್ದಿಯನ್ನು ಎಂಜಿನ್‌ಗೆ ತಿಳಿಸುವ ರೇಡಿಯೊ ಪೆಟ್ಟಿಗೆ ಬಂತು. ಕ್ಯಾಬೂಸ್‌ಗಳಿಗೆ ಕೆಲಸ ಇಲ್ಲದಾಯಿತು.

ಎರಡು ವರ್ಷದ ಹಿಂದೆ ನಾನು ಬಣ್ಣ ಹಚ್ಚಿ ಸಿದ್ಧವಾಗಿರುವ ಒಂದು ಮಾದರಿ ಕ್ಯಾಬೂಸ್ ಕೊಂಡಿದ್ದೆ. ಯಾರು ಮಾಡಿದ್ದು ಎಂದು ಹೇಳುವುದಿಲ್ಲ. ಡಬ್ಬದ ಮೇಲೆ 1948 ಎಂದು ಬರೆದಿತ್ತು. ಒಳಗಿದ್ದ ಗಾಡಿಯ ಮೇಲೆ ನೆರಳಿನ ಗೆರೆ ಇರುವ ಕೀಸ್ಟೋನ್, ಅಂದರೆ ಕಮಾನಿನ ನಡುಗಲ್ಲಿನ ಆಕಾರದ ಪೆನ್ಸಿಯ ಗುರುತು. ಪೆನ್ಸಿ ಆ ಗುರುತನ್ನು ತಂದಿದ್ದೇ 1954ರಲ್ಲಿ! ಆರು ವರ್ಷ ಮೊದಲೇ ಅದು ಹೇಗೆ ಬಂತು? ನನಗೆ ಆ ರಾತ್ರಿ ನಿಜವಾಗಿ ಬೇಜಾರಾಯಿತು. ಬೇರೆಯವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಒಂದು ರೈಲಿನ ಕಾಲವನ್ನು ಹಿಡಿದಿಡಲು ಕೂತವರಿಗೆ ಸಣ್ಣದಲ್ಲ. ಅವತ್ತೇ ತೀರ್ಮಾನ ಮಾಡಿದೆ, ಮುಂದಿನದನ್ನು ನಾನೇ ಕೂಡಿಸಿ ನಾನೇ ಬಣ್ಣ ಹಚ್ಚುತ್ತೇನೆ.

ಇನ್ನು ಮೋಟೆಲ್ ವಿಷಯ. ಪೆನ್ಸಿಲ್ವೇನಿಯಾ ರೈಲ್‌ರೋಡ್ 1968ರಲ್ಲಿ ನ್ಯೂಯಾರ್ಕ್ ಸೆಂಟ್ರಲ್ ಜೊತೆ ಸೇರಿ ಪೆನ್ ಸೆಂಟ್ರಲ್ ಆಯಿತು. ಬೇಡವಾದ ಕ್ಯಾಬೂಸ್‌ಗಳನ್ನು ಮಾರಲು ಹೊರಟಾಗ ಡೊನಾಲ್ಡ್ ಡೆನ್ಲಿಂಗರ್ ಎಂಬ ಇಲ್ಲಿಯವರು 19 ಡಬ್ಬಿಗಳಿಗೆ ಬೆಲೆ ಕೂಗಿದರು. ಗುಜರಿ ಬೆಲೆಗಿಂತ ಕಡಿಮೆ ಕೂಗಿದ್ದರೂ ಅವರಿಗೇ ಸಿಕ್ಕಿತು. ತಲಾ 25 ಟನ್ ತೂಕದ 19 ಉಕ್ಕಿನ ಡಬ್ಬಿಗಳು! ಅವನ್ನೇ ಕೋಣೆಗಳಾಗಿ ಮಾಡಿ 1970ರಲ್ಲಿ ಮೋಟೆಲ್ ತೆರೆದರು. ಮೊದಲ ದಿನಗಳಲ್ಲಿ ಟಿವಿಯನ್ನು ಹೊಟ್ಟೆ ಉಬ್ಬಿದ ಕಬ್ಬಿಣದ ಒಲೆಯೊಳಗೆ ಕೂರಿಸಿದ್ದರಂತೆ. ಆಮೇಲೆ ಇನ್ನಷ್ಟು ಡಬ್ಬಿಗಳು ಬಂದು ಸೇರಿದವು.

ನನಗೆ ಬೇಕಾದದ್ದು ಎನ್‌5 ಎಂಬ ಮಾದರಿ. 1914ರಿಂದ ಕಟ್ಟಿದ ಉಕ್ಕಿನ ಡಬ್ಬಿ ಅದು. ಇಲ್ಲಿ ಅದನ್ನು ಕೈಯಲ್ಲಿ ಮುಟ್ಟಿ ನೋಡಬಹುದು. ಬೆಳಿಗ್ಗೆ ಐದೂವರೆಗೆ ಎದ್ದು ಟೇಪು, ನೋಟ್‌ಬುಕ್ಕು ಹಿಡಿದು ಹೊರಗೆ ಬಂದೆ. ಮೆಟ್ಟಿಲಿನ ಅಗಲ, ಹಿಡಿಕೆಯ ಕಂಬಿ ಬಾಗುವ ಜಾಗ, ಕಿಟಕಿಯ ಸುತ್ತಲಿನ ರಿವಿಟ್‌ಗಳ ಸಾಲು, ಬ್ರೇಕ್ ಚಕ್ರ ಯಾವ ಕಡೆಗಿದೆ ಎಂಬುದು, ಎಲ್ಲ ಬರೆದುಕೊಂಡೆ. ನಕ್ಷೆಯಲ್ಲಿ ಇಷ್ಟು ದಿನ ಅರ್ಥವಾಗದೆ ಇದ್ದ ಒಂದು ಮೂಲೆ ಎರಡು ನಿಮಿಷದಲ್ಲಿ ಅರ್ಥವಾಯಿತು. ಒಂದು ದಿನದ ಬಾಡಿಗೆ ಅಲ್ಲಿಗೇ ವಸೂಲಾಯಿತು ಎಂದುಕೊಂಡೆ.

ಆದರೆ ಬಣ್ಣ ಹುಡುಕಿಕೊಂಡು ಇಲ್ಲಿಗೆ ಬರಬೇಡಿ. ಪೆನ್ಸಿಯ ಡಬ್ಬಿಗಳಿಗೆ ಇಲ್ಲಿ ಬೇರೆ ಬೇರೆ ರೈಲ್ವೆಗಳ ಹೆಸರು, ಬಣ್ಣ ಹಾಕಿದ್ದಾರೆ. ನೋಡಲು ಖುಷಿಯಾಗುತ್ತದೆ. ರಜಕ್ಕೆ ಬಂದವರಿಗೆ ಬೇಕಾದದ್ದೂ ಅದೇ. ಇದು ಮೋಟೆಲಿನ ತಪ್ಪಲ್ಲ, ಅವರು ಮ್ಯೂಸಿಯಂ ನಡೆಸುತ್ತಿಲ್ಲ. ಇಲ್ಲಿ ಉಕ್ಕನ್ನು ನಂಬಿ, ಬಣ್ಣವನ್ನು ನೋಡಿ ಸಂತೋಷಪಡಿ, ಅಷ್ಟೇ. ಇನ್ನೊಂದು ಮಾತು. ಕ್ಯಾಬೂಸ್ ಅಂದಕೂಡಲೇ ಎಲ್ಲರಿಗೂ ಕುಂಕುಮದಂಥ ಕೆಂಪು ನೆನಪಾಗುತ್ತದೆ ಅಲ್ವಾ? ನಾನು ಮಾಡುತ್ತಿರುವ ಕಾಲದ ಪೆನ್ಸಿ ಕ್ಯಾಬೂಸ್ ಹಾಗಿರಲಿಲ್ಲ. ಅದು ಕೆಮ್ಮಣ್ಣಿನ ಬಣ್ಣ. ಐರನ್ ಆಕ್ಸೈಡ್ ಹಾಕಿದ ಬಣ್ಣ ಅಗ್ಗ, ಬಿಸಿಲು ಮಳೆಗೆ ಬೇಗ ಹೋಗುವುದಿಲ್ಲ. ಅದಕ್ಕೇ ರೈಲ್ವೆಗಳು ಸರಕು ಡಬ್ಬಿಗಳಿಗೆಲ್ಲ ಅದನ್ನೇ ಬಳಿದವು.

ಆ ಕೆಮ್ಮಣ್ಣು ಎಂಥ ಕೆಮ್ಮಣ್ಣು ಎಂಬುದೇ ಪ್ರಶ್ನೆ. ನಮ್ಮದು ಇಳಕಲ್. ಅಪ್ಪ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದರು. ಗಿರಿ ಕುಂಕುಮದ ಬಣ್ಣ ಸರಿ ಬರುವ ತನಕ ಊಟಕ್ಕೆ ಏಳುತ್ತಿರಲಿಲ್ಲ. ಮೋಟೆಲಿನಿಂದ ಫೋನಿನಲ್ಲಿ ಅವರಿಗೆ ಡಬ್ಬಿ ತೋರಿಸಿ ನನ್ನ ಕಷ್ಟ ಹೇಳಿದೆ. "ಒಂದೇ ಹಂಡೆ, ಒಂದೇ ಕೈ, ಆದರೂ ಎರಡು ದಿನ ಬಣ್ಣ ಒಂದೇ ಬರೂದಿಲ್ಲವ್ವಾ. ನೀ ಒಂದ ಬಣ್ಣ ಹುಡುಕಬ್ಯಾಡ, ಎಲ್ಲಿಂದ ಎಲ್ಲಿತನಕ ಅದ ಅಂತ ನೋಡು" ಅಂದರು. ಅದು ನಿಜ. ಪೆನ್ಸಿಯಲ್ಲೂ "ಫ್ರೈಟ್ ಕಾರ್ ಕಲರ್" ಎಂಬ ಹೆಸರು ಅದೇ ಉಳಿಯಿತು. ಒಳಗಿನ ಬಣ್ಣ ಮಾತ್ರ ವರ್ಷಗಳು ಕಳೆದ ಹಾಗೆ ಬದಲಾಯಿತು. ಅದರ ಮೇಲೆ ಬಿಸಿಲು, ಕಲ್ಲಿದ್ದಲಿನ ಮಸಿ ಬೇರೆ.

ಮಾರನೆಯ ದಿನ ಹತ್ತಿರದಲ್ಲೇ ಇರುವ ರೈಲ್‌ರೋಡ್ ಮ್ಯೂಸಿಯಂ ಆಫ್ ಪೆನ್ಸಿಲ್ವೇನಿಯಾಗೆ ಹೋದೆ. 1975ರಲ್ಲಿ ತೆರೆದ ಸರ್ಕಾರಿ ಮ್ಯೂಸಿಯಂ ಅದು. ಎಂಜಿನ್, ಡಬ್ಬಿ ಎಲ್ಲ ಸೇರಿ 100ಕ್ಕೂ ಜಾಸ್ತಿ ಇವೆ. ಪೆನ್ಸಿಯೇ ಕಾಪಾಡಿಕೊಂಡು ಬಂದಿದ್ದ ಹಳೆಯ ಎಂಜಿನ್‌ಗಳು ಇಲ್ಲಿ ಸೇರಿವೆ. ಸ್ಟ್ರಾಸ್‌ಬರ್ಗ್‌ಗೆ ಬಂದವರು ಮೋಟೆಲ್, ಮ್ಯೂಸಿಯಂ ಎರಡನ್ನೂ ಒಟ್ಟಿಗೆ ನೋಡಬೇಕು. ಅಲ್ಲಿನ ಹಳೆಯ ಕಾಗದ, ಫೋಟೋಗಳನ್ನು ನೋಡಬೇಕಿದ್ದರೆ ಮೊದಲೇ ಕೇಳಿ ಸಮಯ ಗೊತ್ತು ಮಾಡಿಕೊಂಡು ಹೋಗಿ. ಕೇಳುವಾಗ ಕ್ಯಾಬೂಸ್ ಅನ್ನಬೇಡಿ, "ಕ್ಯಾಬಿನ್ ಕಾರ್" ಅನ್ನಿ. ಪೆನ್ಸಿಯವರು ಕರೆಯುತ್ತಿದ್ದ ಹೆಸರೇ ಅದು. ಸಾಂಟಾ ಫೆ ರೈಲ್ವೆಯಲ್ಲಾದರೆ "ವೇಕಾರ್". ಈ ಒಂದು ಪದ ಗೊತ್ತಿಲ್ಲದೆ ನಾನು ತಿಂಗಳುಗಟ್ಟಲೆ ಸುಮ್ನೆ ತಪ್ಪು ಕಡೆ ಹುಡುಕಿದ್ದೆ.

ಫೋಟೋ ನೋಡುವುದಕ್ಕೂ ಒಂದು ಕ್ರಮ ಇದೆ. ತುಂಬ ಹಳೆಯ ಕಪ್ಪು ಬಿಳುಪು ಫಿಲಂಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕೆಂಪು ಡಬ್ಬಿ ಅದರಲ್ಲಿ ಕಪ್ಪಾಗಿ ಬರುತ್ತದೆ. ಅದನ್ನು ನೋಡಿ ಡಬ್ಬಿ ಕಪ್ಪಗಿತ್ತು ಎಂದುಕೊಂಡರೆ ಕೆಟ್ಟೆವು. ಬಣ್ಣದ ಸ್ಲೈಡ್‌ಗಳಲ್ಲಿ ನಾನು ನಂಬುವುದು ಕೊಡಾಕ್ ಕಂಪನಿಯ ಕೊಡಾಕ್ರೋಮ್ ಫಿಲಂ. ಕತ್ತಲಲ್ಲಿ ಇಟ್ಟಿದ್ದರೆ ಅದರ ಬಣ್ಣ ಹಾಗೇ ಉಳಿಯುತ್ತದೆ. ಅದೇ ಕಂಪನಿಯ ಆ ಕಾಲದ ಎಕ್ಟಾಕ್ರೋಮ್ ಹಾಗಲ್ಲ, ಎಷ್ಟೋ ಸ್ಲೈಡ್‌ಗಳು ಈಗ ನೇರಳೆಗೆಂಪಿಗೆ ತಿರುಗಿವೆ. ಅದನ್ನು ನೋಡಿ ಕೆಮ್ಮಣ್ಣು ಕಲಸಿದರೆ ಗಾಡಿ ಬೀಟ್‌ರೂಟ್ ಆಗುತ್ತದೆ. ಫೋಟೋದ ವರ್ಷವನ್ನೂ ಪರೀಕ್ಷೆ ಮಾಡಬೇಕು. ಡಬ್ಬಿಯ ಪಕ್ಕದಲ್ಲಿ ಬಣ್ಣ ಬಣ್ಣದ ಪಟ್ಟಿಗಳ ಸಣ್ಣ ಫಲಕ ಇದ್ದರೆ ಅದು 1967ರ ಹೊತ್ತಿಗೆ ಬಂದ ಗುರುತಿನ ಪಟ್ಟಿ. ಅಂಥ ಫೋಟೋ ನನ್ನ 1956ಕ್ಕೆ ಸಾಕ್ಷಿಯಾಗುವುದಿಲ್ಲ. ಹಾಗೆಯೇ 1954ರಲ್ಲಿ ಗುರುತು ಬದಲಾಯಿತು ಅಂದರೆ ಎಲ್ಲ ಡಬ್ಬಿಗಳೂ ಅವತ್ತೇ ಬದಲಾದವು ಎಂದಲ್ಲ. ಹೊಸ ಬಣ್ಣ ಹಚ್ಚುವ ಸರದಿ ಬರುವ ತನಕ ಹಳೆಯದರಲ್ಲೇ ಓಡಿದವು.

ಮನೆಗೆ ಬಂದು ಐದು ಚೂರು ಪ್ಲಾಸ್ಟಿಕ್ ಮೇಲೆ ಐದು ಬಗೆಯ ಕೆಮ್ಮಣ್ಣು ಹಚ್ಚಿದೆ. ಹಿಂದೆ ನನಗೆ ಇಷ್ಟವಾಗಿದ್ದ, ಮಾದರಿ ರೈಲುಗಳಿಗೆ ಹಚ್ಚುವ ಫ್ಲಾಕ್ವಿಲ್ ಎಂಬ ಬಣ್ಣ 2013ರಲ್ಲೇ ನಿಂತುಹೋಗಿದೆ. ಅದಕ್ಕೆ ಈಗ ನಾನೇ ಕಲಸುತ್ತೇನೆ. ಅಪ್ಪ ಮಾಡುತ್ತಿದ್ದ ಹಾಗೆ ಬೆಳಗಿನ ನೆರಳಿನ ಬೆಳಕಿನಲ್ಲಿ ನೋಡಿದೆ. ಆಮೇಲೆ ಬೇಸ್‌ಮೆಂಟ್ ದೀಪದ ಕೆಳಗೆ ನೋಡಿದೆ. ಸಣ್ಣ ಗಾಡಿಯ ಮೇಲೆ ಬಣ್ಣ ಕಪ್ಪಾಗಿ ಕಾಣುತ್ತದೆ. ಹತ್ತು ಹನಿಗೆ ಒಂದು ಹನಿ ಬಿಳಿ ಸೇರಿಸಿದ ಮೂರನೇ ಚೂರು ನನಗೆ ಸರಿ ಅನ್ನಿಸಿತು.

ಮೋಟೆಲಿನಲ್ಲಿ ಉಳಿಯುವುದು ಹೇಗಿರುತ್ತದೆ ಅಂತೀರಾ? ಕೋಣೆ ಉದ್ದಕ್ಕಿದೆ, ಅಗಲ ಕಡಿಮೆ. ದೊಡ್ಡ ಸೂಟ್‌ಕೇಸು ತರಬೇಡಿ. ನಾವು ಕಟ್ಟಿಕೊಂಡು ಹೋಗಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನು ಹೊರಗೆ ಕೂತು ತಿಂದೆವು. ಮುಂದೆ ಆಮಿಶ್ ಜನರ, ಅಂದರೆ ಹಳೆಯ ಕಾಲದ ರೀತಿಯಲ್ಲೇ ಬದುಕುವ ಒಂದು ಕ್ರೈಸ್ತ ಪಂಗಡದವರ ಹೊಲ. ಅವರ ಕುದುರೆ ಗಾಡಿಗಳ ಟಕ್ ಟಕ್ ಸದ್ದು. ಪಕ್ಕದ ಹಳಿಯ ಮೇಲೆ ಸ್ಟ್ರಾಸ್‌ಬರ್ಗ್ ರೈಲ್‌ರೋಡಿನ ಉಗಿ ಗಾಡಿ ಓಡುತ್ತದೆ. 1832ರಲ್ಲಿ ಅನುಮತಿ ಪಡೆದ ಕಂಪನಿ ಅದು. ಅದು ಸೀಟಿ ಹಾಕಿದಾಗ ನಮ್ಮವರು ರೊಟ್ಟಿ ಕೈಯಲ್ಲಿ ಹಿಡಿದೇ ಎದ್ದು ನಿಂತರು. ರೈಲಿನ ಹುಚ್ಚು ನನಗೊಬ್ಬಳಿಗೇ ಅಂತ ಹನ್ನೆರಡು ವರ್ಷದಿಂದ ಹೇಳುತ್ತಿದ್ದವರು ಅವರು.

ಅಳತೆ ತೆಗೆಯಲು ಹೋಗುವವರಿಗೆ ಒಂದು ಮಾತು. ಮೊದಲು ಆಫೀಸಿನಲ್ಲಿ ಕೇಳಿ. ನಿಮ್ಮ ಡಬ್ಬಿಯನ್ನು ಮಾತ್ರ ಅಳೆಯಿರಿ. ಪಕ್ಕದ ಡಬ್ಬಿಯಲ್ಲಿ ಯಾರದೋ ಮಗು ಮಲಗಿರುತ್ತದೆ.